ಸಹಾಯ ಬೇಕು: ಜೂಲ್ಸ್ ವರ್ನ್ ವಿಜ್ಞಾನವನ್ನು ನಂಬಿದ್ದನಾ ಇಲ್ವಾ?

ನಮಸ್ಕಾರ ಎಲ್ಲರಿಗೂ, ಉಡುಪಿಯಿಂದ ಬರೀತಿದ್ದೇನೆ, ಶುಕ್ರವಾರ ಎಂಎ ಸೆಮಿನಾರ್ ಉಂಟು. ನಮ್ಮ ಮೇಡಂ ಹೇಳುದು, ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕಾದಂಬರಿಕಾರ ವರ್ನ್ ಅಂದ್ರೆ ಸಬ್‌ಮೆರೀನು, ಚಂದ್ರಲೋಕ ಅಂತ ವಿಜ್ಞಾನವನ್ನು ಹೊಗಳಿದವ, ವಯಸ್ಸಾದ ಮೇಲೆ ಮಾತ್ರ ಅನುಮಾನ ಶುರುವಾದದ್ದು ಅಂತ. ನನಗೆ ಅದು ಸರಿ ಕಾಣುದಿಲ್ಲ ಮಾರ್ರೆ. 1863ರಲ್ಲೇ ಅವ ಇಪ್ಪತ್ತನೇ ಶತಮಾನದ ಪ್ಯಾರಿಸ್ ಬಗ್ಗೆ ಕಾದಂಬರಿ ಬರೆದಿದ್ದ, ಅದ್ರಲ್ಲಿ 1960ರ ಪ್ಯಾರಿಸಲ್ಲಿ ಗ್ಯಾಸಲ್ಲಿ ಓಡುವ ಗಾಡಿ, ಗಾಳಿಯ ಒತ್ತಡದಲ್ಲಿ ಓಡುವ ಟ್ರೈನು ಎಲ್ಲ ಉಂಟು, ಲ್ಯಾಟಿನ್ ಪದ್ಯಕ್ಕೆ ಪ್ರೈಜ್ ತಗೊಂಡ ಹುಡುಗನಿಗೆ ಮಾತ್ರ ಜಾಗ ಇಲ್ಲ, ಅಂಗಡಿಯಲ್ಲಿ ಫ್ರಾನ್ಸಿನ ಅಷ್ಟು ದೊಡ್ಡ ಸಾಹಿತಿ ವಿಕ್ಟರ್ ಹ್ಯೂಗೋ ಪುಸ್ತಕ ಕೇಳಿದ್ರೆ ಆ ಹೆಸರೇ ಕೇಳಿಲ್ಲ ಅಂತಾರೆ! ಪಬ್ಲಿಷರ್ ಬೇಡ ಅಂದದ್ದಕ್ಕೆ ಪ್ರಿಂಟ್ ಆದದ್ದೇ 1994ರಲ್ಲಿ.

ಮತ್ತೆ 1879ರದ್ದು ಒಂದುಂಟು, ನಮ್ಮ ಇಂಡಿಯಾದ ಬೇಗಂ ಒಬ್ಬಳ ಆಸ್ತಿ ಸಿಕ್ಕಿದ ಪ್ರೊಫೆಸರ್ ಅದೇ ದುಡ್ಡಲ್ಲಿ ಉಕ್ಕಿನ ಊರು ಕಟ್ಟಿ ದೊಡ್ಡ ತೋಪು ಮಾಡ್ತಾನೆ, ಕೊನೆಗೆ ತನ್ನದೇ ಗ್ಯಾಸ್ ತುಂಬಿದ ತೋಪಿನ ಗುಂಡು ಒಡೆದು ಕೂತಲ್ಲೇ ಹೆಪ್ಪುಗಟ್ತಾನೆ. ಇದು ವಿಜ್ಞಾನದ ಮೇಲಿನ ಅನುಮಾನವಾ, ಅಥವಾ ಅದನ್ನು ಕೈಯಲ್ಲಿ ಹಿಡ್ಕೊಂಡವರ ಮೇಲಿನದ್ದಾ? ಇಲ್ಲೇ ನಾನು ಸಿಕ್ಕಿ ಬಿದ್ದದ್ದು, ಓದಿದವರು ಸ್ವಲ್ಪ ಹೇಳಿ.

ಇನ್ನೊಂದು, ಮೊದಲು ಹೇಳಿದ ಪ್ಯಾರಿಸ್ ಕಾದಂಬರಿಯ ನನ್ನ ಜೆರಾಕ್ಸ್ ಬಸ್ಸಿನ ಕಿಟಕಿ ಹತ್ರ ಮಳೆಗೆ ನೆನೆದು ಕೊನೆಯ ಹಾಳೆಗಳು ನೀರುದೋಸೆ ಹಾಗೆ ಅಂಟಿವೆ. ಮಣಿಪಾಲ, ಮಂಗಳೂರಲ್ಲಿ ಯಾರ ಹತ್ರವಾದ್ರೂ ಇಂಗ್ಲಿಷ್ ಕಾಪಿ ಉಂಟಾ? ನಾನೇ ಬಂದು ತಗೊಳ್ತೇನೆ, ಭಾನುವಾರ ವಾಪಸ್.