ಸಹಾಯ ಬೇಕು: 1981ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಮೂರು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ (ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಹಾಕಿ ಆಡುವ ಕಥೆಯಾಟ) ಐದನೇ ಎಡಿಷನ್ ಆಡುತ್ತಿದ್ದೆವು. ಆಟ ಚೆನ್ನಾಗಿದೆ, ಆದರೆ ಒಂದು ಹೊಡೆದಾಟ ಮುಗಿಯಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಈಗ 1981ರ ಬೇಸಿಕ್ ಸೆಟ್‌ಗೆ ಮರಳಿದ್ದೇವೆ, ಟಾಮ್ ಮೋಲ್ಡ್‌ವೇ ಸಂಪಾದಿಸಿದ್ದು. ನಿಯಮದ ಪುಸ್ತಕ ಬರೀ 64 ಪುಟ. ಶಕ್ತಿ, ಬುದ್ಧಿ ಮುಂತಾದ ಒಂದೊಂದು ಗುಣಕ್ಕೂ ಮೂರು ದಾಳ ಹಾಕಿ, ಬಂದ ಅಂಕಿಯನ್ನು ಬಂದ ಕ್ರಮದಲ್ಲೇ ಬರೆದುಕೊಂಡರೆ ಹತ್ತು ನಿಮಿಷದಲ್ಲಿ ಪಾತ್ರ ರೆಡಿ. ನನಗಂತೂ ಇದು ತುಂಬಾ ಇಷ್ಟವಾಯಿತು.

ಕಷ್ಟ ಬಂದಿದ್ದು ಭಾನುವಾರ. ಅಕ್ಕನ ಮಗಳು ಮ್ಯಾಜಿಕ್ ಯೂಸರ್ (ಮಂತ್ರವಾದಿ ಪಾತ್ರ) ಆದಳು. ನಾಲ್ಕು ಮುಖದ ದಾಳದಲ್ಲಿ ಒಂದು ಬಿತ್ತು, ಅಂದರೆ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕಿ) ಒಂದೇ. ಮೊದಲ ಬಾಗಿಲು ತೆಗೆದ ತಕ್ಷಣ ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸನ ಬಾಣ ತಗುಲಿ ಪಾತ್ರ ಸತ್ತುಹೋಯಿತು. ಅವಳು ಪೆನ್ಸಿಲ್ ಕೆಳಗಿಟ್ಟು, ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಸುಮ್ನೆ ಕೂತಳು. ಹನ್ನೆರಡು ವರ್ಷದ ಮಗು ಅಲ್ವಾ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಪುಸ್ತಕ ತೆಗೆದು ನೋಡಿದೆ. ಎದುರಾದವರು ಹೊಡೆಯುತ್ತಾರೋ, ಮಾತಾಡುತ್ತಾರೋ ಅಂತ ಮೊದಲು ಎರಡು ದಾಳ ಹಾಕಿ ನೋಡಬಹುದಿತ್ತು. ನಾನು ಹಾಕಿರಲಿಲ್ಲ. ನೀವು ಪ್ರತಿ ಸಲವೂ ಹಾಕುತ್ತೀರಾ? ಮೊದಲ ಲೆವೆಲ್‌ನಲ್ಲಿ ದಾಳ ಹಾಕದೆ ಹಿಟ್ ಪಾಯಿಂಟ್ ಪೂರ್ತಿ ಕೊಟ್ಟರೆ ಆಟದ ಭಯವೇ ಹೋಗಿಬಿಡುತ್ತಾ? ಮಕ್ಕಳ ಜೊತೆ ಆಡಿಸಿದವರ ಅನುಭವ ಮುಖ್ಯವಾಗಿ ಬೇಕು.

ಇನ್ನೊಂದು, ಆರ್ಮರ್ ಕ್ಲಾಸ್ (ಪಾತ್ರಕ್ಕೆ ಏಟು ತಗುಲದಂತೆ ಎಷ್ಟು ರಕ್ಷಣೆ ಇದೆ ಅನ್ನುವ ಅಂಕಿ) ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನೋದು ಯಾರಿಗೂ ತಲೆಗೆ ಹತ್ತುತ್ತಿಲ್ಲ. ಬರಿ ಮೈಗೆ 9, ಪ್ಲೇಟ್ ಕವಚಕ್ಕೆ 3. ಸುಲಭವಾಗಿ ಹೇಳಿಕೊಡುವ ದಾರಿ ಇದ್ದರೆ ತಿಳಿಸಿ. ಬರುವ ಭಾನುವಾರ ಮತ್ತೆ ಕೂರುತ್ತೇವೆ, ಅವಳೂ ಬರುತ್ತೇನೆ ಅಂದಿದ್ದಾಳೆ.