ಅಪ್‌ಡೇಟ್: ಉದ್ಯಮಬಾಗ್‌ನ ಹಳೇ ಗಿರಾಕಿಯ ಬಾಕಿ ಬಂತು

ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಅಕೌಂಟ್ ಮ್ಯಾನೇಜರ್ ನಾನು. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಪಂಪ್ ಮಾಡುವ ಹಳೇ ಗಿರಾಕಿ ಬಾಕಿಯೂ ಕೊಡ್ತಿಲ್ಲ, ಹೊಸ ಆರ್ಡರೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ?

ಬಾಕಿ ಪೂರ್ತಿ ಬಂತು. "ಪರ್ಚೇಸ್‌ನವರನ್ನೇ ಕೇಳ್ತಾ ಕೂರಬೇಡಿ, ಸ್ಟೋರ್ಸ್‌ಗೆ ಹೋಗಿ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಹೋದೆ. ನಮ್ಮ ಕಾಸ್ಟಿಂಗ್ (ಎರಕದ ಬಿಡಿಭಾಗ) ಪೆಟ್ಟಿಗೆಗಳು ಮೂಲೆಯಲ್ಲಿ ಹಾಗೇ ಇದ್ದವು, ಮೇಲೆ ಹಳದಿ 'ಹೋಲ್ಡ್' ಚೀಟಿ. ಸ್ಟೋರ್ಸ್‌ನವರು ಅಂದರು: "ಟೆಸ್ಟ್ ಸರ್ಟಿಫಿಕೇಟ್ ಇಲ್ರೀ ಸರ್, ಜಿಆರ್‌ಎನ್ ಹೆಂಗ ಮಾಡ್ಲಿ?" (ಜಿಆರ್‌ಎನ್ ಅಂದ್ರೆ ಮಾಲು ಬಂದು ಸೇರಿತು ಅನ್ನೋ ಎಂಟ್ರಿ.) ನಾವು ಕಳಿಸಿದ್ದ ಸರ್ಟಿಫಿಕೇಟ್, ಅಲ್ಲಿ ಕೆಲಸ ಬಿಟ್ಟು ಹೋದ ಕ್ವಾಲಿಟಿ ಎಂಜಿನಿಯರ್ ಮೇಲ್‌ಗೆ ಹೋಗಿತ್ತು. ಜಿಆರ್‌ಎನ್ ಆಗದೆ ನಮ್ಮ ಬಿಲ್ ಅಕೌಂಟ್ಸ್ ಟೇಬಲ್‌ಗೇ ತಲುಪಿರಲಿಲ್ಲ. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ, ಅವತ್ತೇ ಎಂಟ್ರಿ ಆಯ್ತು.

ಡಿಸ್ಕೌಂಟ್ ಕೊಡಿ ಅನ್ನೋ ಸಲಹೆ ನಡೀಲಿಲ್ಲ. ತಕರಾರು ರೇಟಿನದ್ದೇ ಅಲ್ಲ. ಮಾಲೀಕರಿಗೆ ಬರೆದ ಮೇಲ್ ತಿರುಗಿ ಪರ್ಚೇಸ್‌ಗೇ ಬಂತು, ಸುಮ್ನೆ ಅವರ ಮುನಿಸು ಜಾಸ್ತಿ ಆಯ್ತು.

ಗೊತ್ತಿಲ್ಲದ ಒಂದು ವಿಷಯ ಅವರ ಅಕೌಂಟೆಂಟ್ ಹೇಳಿದರು. 2024ರ ಏಪ್ರಿಲ್‌ನಿಂದ ಬಂದ ಆದಾಯ ತೆರಿಗೆ ನಿಯಮದ (1961ರ ಕಾಯ್ದೆಯಲ್ಲಿ ಕಲಂ 43ಬಿ(ಎಚ್)) ಪ್ರಕಾರ, ಸಣ್ಣ ಉತ್ಪಾದಕರಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಆ ಖರ್ಚು, ಕೊಂಡವರ ತೆರಿಗೆಯಲ್ಲಿ ದುಡ್ಡು ಕೊಟ್ಟ ವರ್ಷದಲ್ಲೇ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ನಮ್ಮ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅನ್ನೋ ಸರ್ಕಾರಿ ನೋಂದಣಿ) ಕೇಳಿ ಇಟ್ಟುಕೊಂಡರು. ಬರೀ ಟ್ರೇಡಿಂಗ್ ಮಾಡುವವರಿಗೆ ಇದು ಅನ್ವಯಿಸಲ್ಲ, ನೆನಪಿರಲಿ.

ಈಗ ಟೆಸ್ಟ್ ಸರ್ಟಿಫಿಕೇಟ್ ಚಲನ್ ಜೊತೆಗೇ ಗಾಡಿಯಲ್ಲಿ ಹೋಗುತ್ತದೆ. ಹೊಸ ಆರ್ಡರ್ ಅರ್ಧ ಬಂದಿದೆ, ಉಳಿದದ್ದಕ್ಕೆ ಮಾತು ನಡೀತಿದೆ.