ಕೋಡ್ ಸ್ವಿಚಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಬೆಳಿಗ್ಗೆಯೊಳಗೆ ಬೇಕು

ಗೆಳೆಯರೇ,
ಭಾಷೆ ಮತ್ತು ಸಮಾಜದ ಬಗ್ಗೆ ಒಂದು ಪಠ್ಯವನ್ನು ಅನುವಾದ ಮಾಡುತ್ತಿದ್ದೇನೆ. ನಾಲ್ಕನೇ ಅಧ್ಯಾಯ ಕೋಡ್ ಸ್ವಿಚಿಂಗ್ ಬಗ್ಗೆ, ಅಂದರೆ ಮಾತಾಡುತ್ತಲೇ ಒಂದು ನುಡಿಯಿಂದ ಇನ್ನೊಂದಕ್ಕೆ ಬರುವುದರ ಬಗ್ಗೆ. ಅದರ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ.

ಸಂದರ್ಭ ಇದು. ನಾರ್ವೆಯ ಹೆಮ್ನೆಸ್‌ಬರ್ಗೆಟ್ ಎಂಬ ಊರಿನ ಬಗ್ಗೆ ಬ್ಲೋಮ್ ಮತ್ತು ಗಂಪರ್ಜ್ ಎಂಬ ಸಂಶೋಧಕರು 1972ರಲ್ಲಿ ಬರೆದದ್ದು. ಕಚೇರಿಗೆ ಬಂದವರು ಗುಮಾಸ್ತನ ಮೇಜಿನ ಮುಂದೆ ನಿಂತು ಮನೆಮಂದಿಯ ಯೋಗಕ್ಷೇಮವನ್ನು ಊರ ನುಡಿಯಲ್ಲಿ ವಿಚಾರಿಸುತ್ತಾರೆ. ಕೆಲಸದ ಮಾತು ಬಂದ ಕೂಡಲೇ ಶಿಷ್ಟ ನುಡಿಗೆ ಬರುತ್ತಾರೆ. ಈ 'ಬರುವುದಕ್ಕೆ' ಒಂದು ಹೆಸರು ಬೇಕು. 'ಸಂಕೇತ ಪಲ್ಲಟ' ಅಂತ ಕೆಲವು ಕಡೆ ನೋಡಿದ್ದೇನೆ, ಯಾಕೋ ಒಗ್ಗುತ್ತಿಲ್ಲ. 'ಭಾಷೆ ಬದಲಾವಣೆ' ಎನ್ನಬಹುದೇ?

*

'ಸಂಕೇತ' ಬೇಡವೇ ಬೇಡ. ಓದುವವರು ತಂತಿ ಸಂದೇಶ, ಗೂಢಲಿಪಿ ಅಂತೆಲ್ಲ ಅಂದುಕೊಳ್ಳುತ್ತಾರೆ. 'ಭಾಷೆ'ಯೂ ಆಗದು. ನೀವು ಕೊಟ್ಟ ಉದಾಹರಣೆಯಲ್ಲಿ ಎರಡು ಭಾಷೆ ಎಲ್ಲಿದೆ? ಎರಡೂ ನಾರ್ವೆ ನುಡಿಯೇ. ಕೋಡ್ ಅಂದರೆ ಭಾಷೆಯೂ ಆಗಬಹುದು, ಒಳನುಡಿಯೂ ಆಗಬಹುದು. ಎರಡನ್ನೂ ಹಿಡಿಯುವ ಪದ 'ನುಡಿ'. ನುಡಿಪಲ್ಲಟ ಅನ್ನಿ, ಮುಗಿಯಿತು.

*

> ನುಡಿಪಲ್ಲಟ ಅನ್ನಿ, ಮುಗಿಯಿತು.

ಮುಗಿದಿಲ್ಲ. ನುಡಿ ಕನ್ನಡ, ಪಲ್ಲಟ ಸಂಸ್ಕೃತ. ಇದು ಅರಿಸಮಾಸ. ಹೀಗೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದ ಹಾಗೆ ಅಂತ ಒಂಬತ್ತನೇ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿದೆ. ಇನ್ನೂ ಹಾಲು ಒಡೆಯುತ್ತಲೇ ಇದ್ದೇವೆ.

*

ಸ್ವಾಮಿ, ಹಾಲು ಒಡೆದಿಲ್ಲ. ಪಲ್ಲಟ ಸಂಸ್ಕೃತವಲ್ಲ, ತದ್ಭವ. ಸಂಸ್ಕೃತದ 'ಪರ್ಯಸ್ತ' ಪ್ರಾಕೃತದಲ್ಲಿ 'ಪಲ್ಲಟ್ಟ' ಆಗಿ ನಮಗೆ ಬಂದಿದೆ. ಹಿಂದಿಯ 'ಪಲಟ್‌ನಾ' ಕೂಡ ಅದೇ ಬಳಗದ್ದು. ತದ್ಭವದ ಜೊತೆ ಕನ್ನಡ ಪದ ಸೇರಿದರೆ ಯಾವ ವ್ಯಾಕರಣಕಾರನೂ ಕೋಲು ಎತ್ತುವುದಿಲ್ಲ. ಹಾಗೆ ನೋಡಿದರೆ 'ಮಳೆಗಾಲ'ದಲ್ಲಿ ಇರುವುದು ಸಂಸ್ಕೃತದ ಕಾಲವೇ ಅಲ್ವಾ? ಅದನ್ನೂ ಬಿಡುತ್ತೀರಾ?

*

ಬೈದಾಟ ಆಮೇಲೆ ಮಾಡೋಣ. ಒಂದು ತೊಡಕು ಹೇಳಲು ಮರೆತಿದ್ದೆ. ಮೂರನೇ ಅಧ್ಯಾಯದಲ್ಲಿ 'ಭಾಷಾ ಪಲ್ಲಟ' ಆಗಲೇ ಬಳಸಿಬಿಟ್ಟಿದ್ದೇನೆ. ಒಂದು ಸಮುದಾಯ ಎರಡು ಮೂರು ತಲೆಮಾರಿನಲ್ಲಿ ತನ್ನ ಭಾಷೆ ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ. ಆ ಪುಟಗಳು ಅಚ್ಚಾಗಿವೆ. ಅದರ ಹಿಂದೆಯೇ ನುಡಿಪಲ್ಲಟ ಬಂದರೆ ವಿದ್ಯಾರ್ಥಿಗಳು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದು ತಲೆಮಾರುಗಳ ಲೆಕ್ಕ, ಇನ್ನೊಂದು ಒಂದು ವಾಕ್ಯದ ಲೆಕ್ಕ.

*

ಇದನ್ನು ಮೊದಲೇ ಹೇಳಿದ್ದರೆ ಪ್ರಾಕೃತದವರೆಗೆ ಹೋಗುವ ಕಷ್ಟ ತಪ್ಪುತ್ತಿತ್ತು.

*

ಪಲ್ಲಟ ಬಿಡಿ, 'ಬದಲಿಸು' ಹಿಡಿದರೂ ತೊಂದರೆ ಇದೆ. ಯಾರೂ ಗಮನಿಸಿಲ್ಲ ಅನಿಸುತ್ತದೆ. ನಮ್ಮಲ್ಲಿ ಭಾಷೆ, ಮಾತು, ನುಡಿ ಮೂರಕ್ಕೂ 'ಆಣೆ, ವಚನ' ಅನ್ನುವ ಅರ್ಥ ಇದೆ. ಭಾಷೆ ಕೊಟ್ಟ, ಮಾತು ಕೊಟ್ಟ, ನುಡಿಗೆ ತಪ್ಪಿದ. ಹಾಗಾಗಿ 'ಮಾತು ಬದಲಿಸಿದ' ಅಂದರೆ ಕೊಟ್ಟ ಮಾತಿಗೆ ತಪ್ಪಿದ ಅಂತಲೇ ಕೇಳುತ್ತದೆ. 'ಮಾತು ತಿರುಗಿಸಿದ' ಅಂದರೆ ಜಾರಿಕೊಂಡ. 'ಮಾತು ದಾಟಿದ' ಅಂದರೆ ಹಿರಿಯರು ಹೇಳಿದ್ದನ್ನು ಕೇಳಲಿಲ್ಲ. ಯಾವ ಕ್ರಿಯಾಪದ ಹಚ್ಚಿದರೂ ಪಾಪದ ಗುಮಾಸ್ತ ಮೋಸಗಾರನಾಗುತ್ತಾನೆ. ದಾಟುವಿಕೆಗೆ ಇನ್ನೊಂದು ತಕರಾರೂ ಇದೆ: ತಮ್ಮದಲ್ಲದ ಗುಂಪಿನ ನುಡಿಯನ್ನು ಹುಡುಗರು ಆಡುವುದಕ್ಕೆ ಇಂಗ್ಲಿಷಿನಲ್ಲಿ 'ಕ್ರಾಸಿಂಗ್' ಎಂಬ ಹೆಸರು ಆಗಲೇ ನಿಂತಿದೆ.

ಕೆಟ್ಟ ಅರ್ಥ ಅಂಟದೆ ಉಳಿದಿರುವುದು 'ಜಿಗಿ' ಒಂದೇ. 'ನುಡಿಜಿಗಿತ' ಹೇಗೆ?

*

ಕಪ್ಪೆ ನೆನಪಾಗುತ್ತದೆ.

*

ಇಷ್ಟೆಲ್ಲ ಯಾಕೆ? ನೇರವಾಗಿ 'ನುಡಿ ಬೆರಕೆ' ಅನ್ನಿ. ನಡೆಯುತ್ತಿರುವುದು ಅದೇ. ಎರಡರಲ್ಲಿ ಒಂದೂ ಸರಿಯಾಗಿ ಬಾರದವರು ಹೀಗೆ ಮಾತಾಡುತ್ತಾರೆ. ಈಗಂತೂ ಜಾಸ್ತಿಯಾಗಿದೆ. ಇದಕ್ಕೆ ಮರ್ಯಾದೆಯ ಹೆಸರು ಬೇರೆ ಹುಡುಕಬೇಕೇ?

*

> ಎರಡರಲ್ಲಿ ಒಂದೂ ಸರಿಯಾಗಿ ಬಾರದವರು

ತಪ್ಪು. ನ್ಯೂಯಾರ್ಕಿನ ಪೋರ್ಟೊರಿಕನ್ನರ ಸ್ಪ್ಯಾನಿಷ್ ಇಂಗ್ಲಿಷ್ ಮಾತಿನ ಬಗ್ಗೆ ಭಾಷಾವಿಜ್ಞಾನಿ ಪಾಪ್ಲ್ಯಾಕ್ 1980ರಲ್ಲಿ ಬರೆದದ್ದನ್ನು ನೋಡಿ. ಎರಡೂ ಚೆನ್ನಾಗಿ ಬಲ್ಲವರೇ ವಾಕ್ಯದ ನಡುವೆ ಹೆಚ್ಚು ಜಿಗಿಯುತ್ತಿದ್ದರು. ಎರಡು ಭಾಷೆಗಳ ವ್ಯಾಕರಣವೂ ಕೆಡದ ಜಾಗ ನೋಡಿ ಜಿಗಿಯಬೇಕಲ್ಲ, ಅರೆಬರೆ ಕಲಿತವರಿಗೆ ಅದು ಸುಲಭವಲ್ಲ. ಬೆರಕೆ ಅಂದ ಕೂಡಲೇ ಕಲಬೆರಕೆ ನೆನಪಾಗುತ್ತದೆ. ಹೆಸರಿನಲ್ಲೇ ತೀರ್ಪು ಕೊಟ್ಟಂತೆ. ಪಠ್ಯಕ್ಕೆ ಆಗದು.

ಅಂದ ಹಾಗೆ, ನೀವು ಬರೆದ 'ಜಾಸ್ತಿ' ಅರಬ್ಬಿ ಮೂಲದ್ದು, ಪಾರಸಿಯ ಹಾದಿಯಲ್ಲಿ ಬಂದದ್ದು. 'ಮರ್ಯಾದೆ' ಸಂಸ್ಕೃತ.

*

ಅವು ಹಳೆಯ ಎರವಲು, ಅರಗಿ ಹೋಗಿವೆ. ಇಂಗ್ಲಿಷ್ ಅರಗುತ್ತಿಲ್ಲ, ಸುಮ್ನೆ ತುಂಬಿಕೊಳ್ಳುತ್ತಿದೆ. ಅಷ್ಟೂ ತಿಳಿಯದವರ ಹತ್ತಿರ ಏನು ವಾದ.

*

ಅರಗುತ್ತಿಲ್ಲವೇ? 'ಬಸ್ಸಿಗೆ' ಅನ್ನುವಾಗ ಕೊನೆಯ ವ್ಯಂಜನ ಇಮ್ಮಡಿಯಾಗಿ, ಸ್ವರ ಸೇರಿ, ವಿಭಕ್ತಿ ಹತ್ತಿದೆ. ಇನ್ನೇನು ಅರಗಬೇಕು? ಇನ್ನು 'ಡಿಸೈಡ್ ಮಾಡಿದೆ' ತೆಗೆದುಕೊಳ್ಳಿ. ಇದು ಎರವಲೋ ಜಿಗಿತವೋ? ನನಗೆ ಎರವಲೇ ಅನಿಸುತ್ತದೆ. 'ಮಾಡು' ಹಚ್ಚಿ ಹೊರಗಿನ ಕ್ರಿಯೆಯನ್ನು ಒಳಗೆ ಕರೆದುಕೊಳ್ಳುವುದು ಕನ್ನಡದ ಹಳೆಯ ದಾರಿ. 'ತಯಾರು ಮಾಡು', 'ಜಮಾ ಮಾಡು' ಹೀಗೆಯೇ ಬಂದವು. ಇಡೀ ಉಪವಾಕ್ಯವೇ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂದರೆ ಅದು ಜಿಗಿತ. ಇವೆರಡರ ನಡುವಿನ ಗೆರೆ ಎಲ್ಲಿ ಎಂಬುದರ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ, ನೀವು ಮಾತ್ರ ಒಂದು ಸಾಲಿನಲ್ಲಿ ಎಳೆದುಬಿಟ್ಟಿರಿ.

*

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಪುಟ ಕಳಿಸಿದೆ. ತಲೆಬರಹ 'ನುಡಿಜಿಗಿತ'. ಮೊದಲ ಸಾಲಿನಲ್ಲಿ 'ಕೋಡ್ ಸ್ವಿಚಿಂಗ್ ಎಂದು ಕರೆಯುವ ಈ ರೂಢಿ' ಅಂತ ಸೇರಿಸಿದ್ದೇನೆ. ನಾರ್ವೆಯ ಉದಾಹರಣೆ ಬರುವಲ್ಲಿ ಮಾತ್ರ ನಾಮಪದ ಬಿಟ್ಟೆ. 'ಕೆಲಸದ ಮಾತು ಬಂದಾಗ ಶಿಷ್ಟ ನುಡಿಗೆ ಹೊರಳುತ್ತಾರೆ' ಅಂತ ಬರೆದೆ. 'ಮಾತು ಹೊರಳಿಸಿದ' ಅಂದರೆ ತಪ್ಪರ್ಥ ಬರುತ್ತಿತ್ತು, 'ನುಡಿಗೆ ಹೊರಳಿದ' ಅಂದರೆ ಬರುವುದಿಲ್ಲ. ಅಚ್ಚಿನ ಮನೆಯವರು ಒಂದೇ ಪದವೋ ಎರಡು ಪದವೋ ಅಂತ ಕೇಳಿದರು. ಕೂಡಿಸಿಯೇ ಬರೆಯಿರಿ ಅಂದೆ.

*

'ಜಿಗಿತ'ದ ಮೊದಲು ಒತ್ತಕ್ಷರ ಬರಬೇಕಿಲ್ಲವೇ ಎಂದು ಒಮ್ಮೆ ಯೋಚಿಸಬಹುದಿತ್ತು.

*

ಬರಬೇಕಿಲ್ಲ.